ಕಾಕಾನ ಕಾರಿನ ಮಡಿ

ನಮ್ಮ ಕಾಕಾ ಕಟ್ಟಿಕೊಂಡ ಕಾಕುಗಿಂತ ತಮ್ಮ ಕಾರನ್ನೇ ಹೆಚ್ಚು ಪ್ರೀತಿಸುತ್ತಾರೆ ಎಂಬುದು ಗದಗದಿಂದ ಲಕ್ಷ್ಮೇಶ್ವರದವರೆಗೆ ಹಬ್ಬಿರುವ ನಮ್ಮ ಬಳಗದ ಸರ್ವಾನುಮತದ ತೀರ್ಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಬೆಳೆದವಳು ನಾನು. ಸರ್ವಾನುಮತ ಎಂದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಪ್ರೀತಿಸಿದವರನ್ನು ಮುಟ್ಟಲು ಯಾರಾದರೂ ಹೆದರುತ್ತಾರೆಯೇ? ಕಾಕಾ ಹೆದರುತ್ತಾರೆ! ಕಾರಿನ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ನೂಕುತ್ತಾರೆ, ಅಚ್ಚು ಬೀಳಬಾರದಲ್ಲ! ಇದಕ್ಕೆ ಪ್ರೀತಿ ಎನ್ನಬೇಡಿ. ನನ್ನ ಪ್ರಕಾರ ಕಾಕಾ ಆ ಕಾರಿನ ಮಾಲೀಕರೇ ಅಲ್ಲ. ಅದರ ಹತ್ತಿರ ನೌಕರಿಗಿದ್ದಾರೆ.

ಭಾನುವಾರ ಬೆಳಿಗ್ಗೆ ಬೆಟಗೇರಿಯ ಅವರ ಮನೆಯ ಮುಂದೆ ಬಂದರೆ ಈ ನೌಕರಿ ನೋಡಲು ಸಿಗುತ್ತದೆ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಟಾಪಿಗೊಂದು ಬಟ್ಟೆ, ಗಾಜಿಗೊಂದು, ಗಾಲಿಗೊಂದು. ಗಾಲಿಯ ಬಟ್ಟೆ ಅಪ್ಪಿತಪ್ಪಿ ಗಾಜಿನ ಬಟ್ಟೆಗೆ ತಾಗಿದರೆ ಎರಡಕ್ಕೂ ಮತ್ತೆ ಸ್ನಾನ! ಏಸಿಯ ಕಿಂಡಿಗಳನ್ನು ತಿಕ್ಕಲು ಹೊಸ ಹಲ್ಲುಜ್ಜುವ ಬ್ರಷ್ಷು, ಅದೂ ಮೆತ್ತನೆಯದು. ಕಾಕಾನ ಸ್ವಂತ ಹಲ್ಲಿಗೆ ಮಾತ್ರ ಹೋದ ವರ್ಷದ್ದು.

ನಮ್ಮಲ್ಲಿ ನಳಕ್ಕೆ ನೀರು ಬರುವುದೆಂದರೆ ಅಪರೂಪದ ನೆಂಟರು ಬಂದಂತೆ. ಒಂದು ಸಲ ಕಾಕು ಸಿಡಿದೇಬಿಟ್ಟರು.

"ಅಲ್ರೀ, ನಳ ಬಂದು ಎಷ್ಟ್ ದಿನಾ ಆತು ಖಬರ ಐತೇನ? ಕುಡಿಯಾಕ ಒಂದ ಕೊಡ ಉಳದೈತಿ!"

"ಅದನ್ನ ಮುಟ್ಟಬ್ಯಾಡ. ಗಾಜು ಒರಸಾಕ ಸ್ವಚ್ಛ ನೀರ ಬೇಕು."

ಕಾಕು ಸೇಡು ತೀರಿಸಿಕೊಳ್ಳದೆ ಬಿಡುವವರಲ್ಲ. ಗಾಜು ಒರೆಸಲು ತಂದಿದ್ದ ಹೊಚ್ಚಹೊಸ ಮೆತ್ತನೆಯ ಬಟ್ಟೆಯಲ್ಲಿ ಬಿಸಿ ರೊಟ್ಟಿ ಸುತ್ತಿಟ್ಟರು. "ಎಷ್ಟ್ ಮೆತ್ತಗ ಉಳದಾವ ನೋಡ್ರಿ!" ಎಂದು ಬಡಿಸಿದರು ಕೂಡ. ಕಾಕಾ ಅಂದು ಊಟ ಬಿಟ್ಟರು. ರೊಟ್ಟಿಯ ಮೇಲಿನ ಸಿಟ್ಟಿಗಲ್ಲ, ಬಟ್ಟೆಗೆ ಹಿಟ್ಟು ಹತ್ತಿದ ದುಃಖಕ್ಕೆ.

ಇನ್ನು ಕಾರಿನೊಳಗೆ ತಿನ್ನುವ ಮಾತು! ಮುಂಡರಗಿಯ ಒಂದು ಮದುವೆಗೆ ಹೊರಟಿದ್ದೆವು. ನಮ್ಮ ಸೋದರತ್ತೆ ಗದಗದಲ್ಲಿ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡಿದ್ದರು. "ಹೊರಗ ನಿಂತು ತಿಂದು ಮುಗಸ್ರಿ" ಎಂದು ಕಾಕಾ ಕಟ್ಟಪ್ಪಣೆ ಮಾಡಿದರು. ಅಪ್ಪಣೆ ಮಾಡುತ್ತಲೇ ತಾವೂ ಎರಡು ಮುಕ್ಕು ಮುಕ್ಕಿದರು. ಊರು ದಾಟಿದ ಮೇಲೆ ಅತ್ತೆ ಸೆರಗು ಕೊಡವಿ, "ಅಯ್ಯ, ಒಂದ ಚುರುಮುರಿ ಬಿತ್ತು ನೋಡ" ಎಂದರು. ಅಷ್ಟೇ! ಕಾರು ರಸ್ತೆಯ ಬದಿಗೆ ನಿಂತಿತು. ರೇಷ್ಮೆ ಸೀರೆಯವರೆಲ್ಲ ಕೆಳಗಿಳಿದೆವು. ಮ್ಯಾಟು ಹೊರಗೆ ಬಂತು, ಮೊಬೈಲಿನ ಬೆಳಕು ಸೀಟಿನ ಕೆಳಗೆ ಹೋಯಿತು, ಕಾಕಾನ ತಲೆ ಬೆಳಕಿನ ಹಿಂದೆ ಹೋಯಿತು. ಬಹಳ ಹೊತ್ತಿನ ಮೇಲೆ ಬೆವರುತ್ತ ಎದ್ದು ನಿಂತ ಕಾಕಾನ ಮುಖ ನೋಡಿ ಅತ್ತೆ ಕಿರುಚಿದರು: "ಲೇ, ನಿನ್ನ ಮೀಸ್ಯಾಗ ಐತಲ್ಲೋ!" ನಾವು ಮುಂಡರಗಿ ಮುಟ್ಟುವಷ್ಟರಲ್ಲಿ ಅಕ್ಕಿಕಾಳಿನ ಶಾಸ್ತ್ರ ಮುಗಿದು, ಮದುಮಕ್ಕಳು ಊಟಕ್ಕೆ ಕೂತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಮುಗಿಸಬಹುದಿತ್ತು. ಆದರೆ ಈ ಮಡಿಯಿಂದ ನಿಜವಾದ ಅನಾಹುತವೂ ಒಂದು ಆಯಿತು.

ಕಾಕಾನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಶಿಗ್ಲಿಯಲ್ಲಿ ಹೊಲ ಮಾಡಿಕೊಂಡಿದ್ದಾರೆ. ಕಾರು ಹೊಸದಾಗಿ ಬಂದಾಗ ಅಣ್ಣನನ್ನು ಒಂದು ಸುತ್ತು ಕರೆದೊಯ್ಯಬೇಕೆಂದು ಕಾಕಾ ನನ್ನನ್ನೂ ಕೂರಿಸಿಕೊಂಡು ಶಿಗ್ಲಿಗೆ ಹೋದರು. ಮಳೆಗಾಲ. ದೊಡ್ಡಪ್ಪ ಹೊಲದಿಂದ ಬಂದಾಗ ಕಾಲಿಗೆ ಎರೆಮಣ್ಣು ಮೊಣಕಾಲಿನವರೆಗೆ ಮೆತ್ತಿತ್ತು. ಕಾಕಾ ಕೆಳಗೆ ಕೂತು, ಅಣ್ಣನ ಎರಡೂ ಪಾದಗಳಿಗೆ ಎರಡು ಕ್ಯಾರಿಬ್ಯಾಗು ತೊಡಿಸಿ, ರಬ್ಬರ್ ಬ್ಯಾಂಡು ಹಾಕಿದರು. ಬಹಳ ಭಕ್ತಿಯಿಂದಲೇ ಹಾಕಿದರು, ಅದನ್ನೂ ದಾಖಲಿಸುತ್ತೇನೆ. ದೊಡ್ಡಪ್ಪ ತಮ್ಮ ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ನಾ ಏನ ಕಾಯಿಪಲ್ಲೆ ಏನಲೇ, ಚೀಲದಾಗ ಹಾಕ್ಕೊಂಡ ಒಯ್ಯಾಕ?"

ಹಾಗೆಯೇ ತಿರುಗಿ, ಕ್ಯಾರಿಬ್ಯಾಗು ಸರಪರ ಎನ್ನಿಸುತ್ತ ಮನೆಗೆ ನಡೆದೇಬಿಟ್ಟರು. ಅಂದಿನಿಂದ ಅಣ್ಣ ತಮ್ಮನ ನಡುವೆ ಮಾತಿಲ್ಲ. ಬಳಗದವರು ಇದಕ್ಕೆ ಹೊಲದ ಪಾಲು, ಹಳೆಯ ದ್ವೇಷ ಎಂದೆಲ್ಲ ಗಂಭೀರ ಕಾರಣ ಹಚ್ಚಿದ್ದಾರೆ. ಎಲ್ಲ ಸುಳ್ಳು!

ಆಮೇಲೆ ಕಾಕಾ ನೆವ ಹುಡುಕಿ ಹುಡುಕಿ ಶಿಗ್ಲಿಗೆ ಹೋಗತೊಡಗಿದರು. ಕಾರು ದೊಡ್ಡಪ್ಪನ ಬಾಗಿಲಲ್ಲಿ ನಿಲ್ಲುತ್ತದೆ. ಕಾಕಾ ಇಳಿಯುವುದಿಲ್ಲ, ದೊಡ್ಡಪ್ಪ ಕಟ್ಟೆ ಬಿಟ್ಟು ಏಳುವುದಿಲ್ಲ. ನಡುವೆ ನಾನು ಅಂಚೆ.

"ನಿಮ್ಮ ದೊಡ್ಡಪ್ಪಗ ಕೇಳವಾ, ಲಕ್ಷ್ಮೇಶ್ವರಕ್ಕ ಹೊಂಟೀನಿ, ಬರ್ತಾನೇನಂತ."

"ನಿಮ್ಮ ಕಾಕಾಗ ಹೇಳ ಬೇ, ಬಸ್ಸ್ ಐತಿ ಅಂತ."

ಅವರಿಬ್ಬರ ನಡುವೆ ಹತ್ತು ಹೆಜ್ಜೆಯೂ ಇರುವುದಿಲ್ಲ! "ಒಮ್ಮಿ ಬಾಯಿಬಿಟ್ಟು ತಪ್ಪಾತು ಅನ್ರಿ, ಮುಗೀತು" ಎಂದು ಮನೆಯಲ್ಲಿ ಕಾಕು ಬಯ್ದರೆ ಕಾಕಾ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ, "ಅಂವ ಒಮ್ಮಿ ಬಂದು ಕುಂತರ ಸಾಕು. ಮತ್ತೇನೂ ಬ್ಯಾಡ ನನಗ" ಎನ್ನುತ್ತಿದ್ದರು. ಅಂಥ ದಿನ ಬಾನೆಟ್ಟು ಇನ್ನಷ್ಟು ಹೊಳೆಯುತ್ತಿತ್ತು.

ಈ ಸಂಕ್ರಾಂತಿ ಮುಗಿದ ಹೊಸತರಲ್ಲಿ, ಶಿಗ್ಲಿಯ ನೆಂಟರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಕಾಕಾ, ನಾನು ಇಬ್ಬರೇ ಹೊರಟೆವು. ಸುಗ್ಗಿಯಲ್ಲಿ ನಮ್ಮ ಕಡೆಯ ಡಾಂಬರು ರಸ್ತೆಗಳೆಲ್ಲ ಕಣವಾಗುತ್ತವೆ: ಹುರಳಿಯನ್ನೋ ತೊಗರಿಯನ್ನೋ ರಸ್ತೆಗೆ ಹಾಸಿಬಿಡುವುದು, ಹೋಗುವ ಬರುವ ಗಾಡಿಗಳು ತುಳಿದು ಕಾಳು ಬಿಡಿಸುವುದು. ಕಾಕಾನಿಗೆ ಇದು ಪರಮ ವೈರಿ. ಕಾಳು ಸಿಡಿದರೆ ಬಣ್ಣಕ್ಕೆ ಪೆಟ್ಟು, ಹೊಟ್ಟು ಹೊಕ್ಕರೆ ಏಸಿಗೆ ಕೇಡು, ಬಳ್ಳಿ ಕೆಳಗೆ ಸಿಕ್ಕಿಕೊಂಡರೆ ಕಾಯ್ದ ಸೈಲೆನ್ಸರಿಗೆ ಬೆಂಕಿ. ದೂರದಿಂದ ಹುರಳಿ ಕಂಡರೆ ಸಾಕು, ಇನ್ನೊಂದು ಊರು ಸುತ್ತಿ ಹೋಗುತ್ತಾರೆ!

ಅಂದೂ ಬ್ರೇಕು ಬಿತ್ತು. ಹಿಂದಕ್ಕೆ ತಿರುಗಿಸಲು ಗೇರು ಹಾಕಿಯೂ ಆಗಿತ್ತು. ಆಗ ಹುರಳಿಯ ಆಚೆ ತುದಿಯಲ್ಲಿ ನಿಂತವರ ಗುರುತು ಹತ್ತಿತು. ದೊಡ್ಡಪ್ಪ, ದೊಡ್ಡಮ್ಮ. ರಸ್ತೆಯ ಮೇಲೆ ಮತ್ತೊಂದು ಗಾಡಿಯ ಸುಳಿವಿಲ್ಲ. ದೊಡ್ಡಮ್ಮ ಕೋಲಿನಿಂದ ಬಡಿಯುತ್ತಿದ್ದರು. ದೊಡ್ಡಪ್ಪ ನಮ್ಮನ್ನು ಕಂಡು ಬೇಲಿಯ ಕಡೆ ಮುಖ ಮಾಡಿದರು.

ಕಾಕಾ ಹಾಕಿದ್ದ ಗೇರು ತೆಗೆದರು. ಆಮೇಲೆ ಗಾಜು ಇಳಿಸಿದರು. ಆ ಧೂಳಿನಲ್ಲಿ!

"ಅಣ್ಣಾ, ಮಳಿ ಬರೂಹಂಗ ಐತಿ. ಜಲ್ದಿ ತುಳಸೂಣು."

ನಾನು ತಲೆ ಹೊರಗೆ ಹಾಕಿ ನೋಡಿದೆ. ಬಿಸಿಲು ಕಣ್ಣು ಕುಕ್ಕಿತು. ಆಕಾಶ ನೀಲಿ, ಈ ಮೂಲೆಯಿಂದ ಆ ಮೂಲೆಗೆ ಒಂದು ಹತ್ತಿಯ ಎಳೆಯೂ ಇರಲಿಲ್ಲ. ದೊಡ್ಡಪ್ಪನೂ ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಹೌದಲೇ," ಎಂದರು, "ಬರೂಹಂಗ ಐತಿ."

ಕಾರು ಹುರಳಿಯ ಮೇಲೆ ಏರಿತು. ಹೋಯಿತು, ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಹೊಟ್ಟು ಬಾನೆಟ್ಟಿನ ಮೇಲೆ, ಗಾಜಿನ ಮೇಲೆ, ಕಾಕಾನ ಕನ್ನಡಕದ ಮೇಲೆ, ನನ್ನ ಮೂಗಿನೊಳಗೆ! ನಾನು ಸೀನಿದೆ, ಕಾಕಾ ತಿರುಗಿಯೂ ನೋಡಲಿಲ್ಲ. ದೊಡ್ಡಪ್ಪ ಪಕ್ಕದಲ್ಲಿ ಓಡುತ್ತ, "ಎಡಕ್ಕ ತಗೋಲೇ! ಅಲ್ಲಲೇ, ಎಡಕ್ಕ! ಆ ಅಂಚು ಹಂಗ ಉಳೀತು!" ಎಂದು ಕೂಗುತ್ತಿದ್ದರು. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಹೊರಬಿತ್ತು. ಕೊನೆಗೆ ಅಡ್ಡ ನಿಂತು ನನ್ನ ಕಡೆಯ ಬಾಗಿಲು ತೆಗೆದರು.

"ನೀ ಹಿಂದ ಹೋಗ ಬೇ. ಹೊರಗ ನಿಂತು ಹೇಳಿದ್ರ ಇವಂಗ ತಿಳಿಯಂಗಿಲ್ಲ. ಒಳಗ ಕುಂತು ಹೇಳತೀನಿ."

ಕೂತರು. ಆಮೇಲೆ ಎಡಕ್ಕೂ ಹೇಳಲಿಲ್ಲ, ಬಲಕ್ಕೂ ಹೇಳಲಿಲ್ಲ. "ಗಾಳಿ ಬರೂದ ಹಚ್ಚಲೇ" ಎಂದರು, ಕಾಕಾ ಏಸಿ ಹಚ್ಚಿದರು. ಹೊಟ್ಟು ಒಳಗೆಲ್ಲ ಹಾರಾಡಿತು. ಇಬ್ಬರೂ ಮುಂದೆ ನೋಡುತ್ತ ಹೋದರು, ಬಂದರು, ಹೋದರು, ಬಂದರು. ಕಾಳು ಬಿಟ್ಟು ಎಷ್ಟೋ ಹೊತ್ತಾಗಿತ್ತು. ರಸ್ತೆಯ ಬದಿಯಿಂದ ದೊಡ್ಡಮ್ಮ ಕೋಲು ಎತ್ತಿ ಕೂಗಿದರು: "ಸಾಕು ಇಳೀರಿ! ಹುರಳಿ ಹಿಟ್ಟಾಕ್ಕೈತಿ!"

ಈಗ ಬಳಗದಲ್ಲಿ ಹೊಸ ಕಥೆ ಓಡಾಡುತ್ತಿದೆ: ಮಳೆಗೆ ಸಿಕ್ಕು ಹಾಳಾಗಲಿದ್ದ ಅಣ್ಣನ ಹುರಳಿಯನ್ನು ತಮ್ಮನೇ ಕಾರು ಓಡಿಸಿ ಉಳಿಸಿದನಂತೆ. ಮತ್ತೆ ಸರ್ವಾನುಮತ! ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳು ಇಲ್ಲಿದ್ದೇನೆ, ನನ್ನನ್ನು ಕೇಳುವವರಿಲ್ಲ.

ಮುಂದಿನ ಭಾನುವಾರ ಬೆಟಗೇರಿಗೆ ಹೋದೆ. ಕಾಕಾ ಚಿಮಟಿಗೆ ಹಿಡಿದು ಮುಂದಿನ ಜಾಲರಿಯಿಂದ ಒಂದೊಂದೇ ಹೊಟ್ಟು ಹೆಕ್ಕುತ್ತಿದ್ದರು. ಯಾವುದೋ ಹಾಡನ್ನು ತಪ್ಪು ತಪ್ಪಾಗಿ ಗುನುಗುತ್ತಿದ್ದರು. ನಾನು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದೆ:

"ಕಾಕಾ, ಖರೆ ಹೇಳ್ರಿ. ಅವತ್ತ ಮೋಡ ಎಲ್ಲಿತ್ತು?"