ಕಪ್ಪು ನರಿಯ ಬಾಲ

ಎಲ್ಲಕ್ಕೂ ಕಾರಣ ಶನಿವಾರದ ಪತ್ರಿಕೆಯ ಮೂಲೆಯಲ್ಲಿದ್ದ ನಾಲ್ಕು ಸಾಲಿನ ಪ್ರಕಟಣೆ. ಜಯನಗರದ ಕಲ್ಯಾಣಮಂಟಪವೊಂದರ ಮಹಡಿಯಲ್ಲಿ ಭಾನುವಾರ ಜಪಾನಿ ಕಾರ್ಟೂನ್ ಅಭಿಮಾನಿಗಳ ಸಮಾವೇಶ. ಜಪಾನಿನಿಂದ ಬಂದ ಕೂರೋ ಗೊಂಬೆಗಳು ಮಾರಾಟಕ್ಕಿವೆ. ಇರುವುದು ಹನ್ನೆರಡೇ ಆದ್ದರಿಂದ ಕೂರೋ ವೇಷದಲ್ಲಿ ಬಂದವರಿಗೆ ಮಾತ್ರ.

ಕೂರೋ ಅಂದರೆ ಆ ವರ್ಷ, ೧೯೮೬ರಲ್ಲಿ, ಪ್ರತಿ ಭಾನುವಾರ ಟೀವಿಯಲ್ಲಿ ಬರುತ್ತಿದ್ದ ಕಪ್ಪು ನರಿ. ನೆಲ ಗುಡಿಸುವಷ್ಟು ಉದ್ದದ ಬಾಲ. ಆ ಬಾಲವನ್ನೇ ಎಡವಿಕೊಂಡು ವಾರಕ್ಕೆ ಹತ್ತು ಸಲ ಬೀಳುತ್ತಿತ್ತು, ಹತ್ತು ಸಲವೂ ಏಳುತ್ತಿತ್ತು. ಬನಶಂಕರಿ ಎರಡನೇ ಹಂತದ ಸೇತುರಾಮನಿಗೆ ಅದೆಂದರೆ ಪ್ರಾಣ. ನಲವತ್ತನಾಲ್ಕು ವರ್ಷದ ಗುಮಾಸ್ತ. ತನ್ನ ನಂತರ ಸೇರಿದವರೆಲ್ಲ ಬಡ್ತಿ ಪಡೆದು ಹೋದದ್ದನ್ನು ಒಂದೇ ಕುರ್ಚಿಯಲ್ಲಿ ಕೂತು ನೋಡಿದವನು. ಬಿದ್ದು ಏಳುವವರನ್ನು ಕಂಡರೆ ಅವನ ಕಣ್ಣು ತುಂಬುತ್ತಿತ್ತು.

‘ಈ ಗೊಂಬೆ ತರದಿದ್ದರೆ ನಾನು ಸೇತುರಾಮನೇ ಅಲ್ಲ’ ಎಂದುಕೊಂಡ.

ಕಪ್ಪು ಪ್ಯಾಂಟು ಇತ್ತು, ಕಪ್ಪು ಸ್ವೆಟರ್ ಇತ್ತು, ಮಂಕಿಕ್ಯಾಪಿಗೆ ರಟ್ಟಿನ ಕಿವಿ ಹೊಲಿದದ್ದಾಯಿತು. ಬಾಲ? ಬೀರು ತೆರೆದಾಗ ಹೆಂಡತಿ ಪಂಕಜಾ ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಚೌರಿ ಕಣ್ಣಿಗೆ ಬಿತ್ತು. ಕರ್ರಗೆ, ಮಿರಿಮಿರಿ, ತೊಡೆಯುದ್ದ. ಭಾನುವಾರ ಸಂಜೆಯೇ ಪಂಕಜಾಳ ಅಕ್ಕನ ಮಗಳ ನಿಶ್ಚಿತಾರ್ಥ, ಜೆ.ಪಿ. ನಗರದಲ್ಲಿ. ಚೌರಿಯಿಲ್ಲದೆ ಪಂಕಜಾ ಹೊಸಿಲು ದಾಟುವವಳಲ್ಲ. ಆದರೆ ನಾಲ್ಕು ಗಂಟೆಯೊಳಗೆ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

“ಆಫೀಸಲ್ಲಿ ಅರ್ಜೆಂಟ್ ಕೆಲಸ, ಬಂದ್ಬಿಡ್ತೀನಿ” ಎಂದು ಹೊರಟ.

ಗೇಟಿನಲ್ಲಿ ಪಕ್ಕದ ಮನೆಯ ಮೀನಾಕ್ಷಮ್ಮ ನಿಂತಿದ್ದರು. ತಲೆಯೆಲ್ಲ ಬೆಳ್ಳಗಾಗಿದ್ದರೂ ಆಕೆಯ ಕಣ್ಣು ಮಾತ್ರ ಗಿಡುಗನದು.

“ಏನಪ್ಪಾ ಸೇತುರಾಮ, ಬ್ಯಾಗಿಂದ ಜಡೆ ನೇತಾಡ್ತಿದೆ?”

“ಜಡೆಯಲ್ಲ ಮೀನಾಕ್ಷಮ್ಮನೋರೆ, ಬ್ರಷ್ಷು! ಫೈಲಿನ ಧೂಳು ಹೊಡೆಯೋಕೆ.”

“ಸರ್ಕಾರದೋರು ಬ್ರಷ್ಷಿಗೂ ಕುಚ್ಚು ಕಟ್ಟಿಸಿ ಕೊಡ್ತಾರಾ?”

ಸೇತುರಾಮ ಬಸ್ಸಿಗೆ ಓಡಿದ. ಮೀನಾಕ್ಷಮ್ಮ ನೇರ ಪಂಕಜಾಳ ಅಡುಗೆಮನೆಗೆ ನಡೆದರು.

ಕಲ್ಯಾಣಮಂಟಪ ತಲುಪಿದಾಗ ಹನ್ನೊಂದು ಗಂಟೆ. ಕೆಳಗಡೆ ಯಾರದೋ ಮದುವೆ. ಮದುವೆ ಜನರ ಎದುರಿಗೇ ವೇಷ ಹಾಕುವುದು ಹೇಗೆ? ಖಾಲಿ ಕೋಣೆಯೊಂದಕ್ಕೆ ನುಗ್ಗಿದ. ಪಿನ್ನು ಚುಚ್ಚಿಕೊಂಡು ಬಾಲ ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಬಾಸಿಂಗ ಕಟ್ಟಿದ ವರ ಒಳಗೆ ಕಾಲಿಟ್ಟವನೇ ಕಿಟಾರನೆ ಕಿರುಚಿದ. ಅವನ ಹಿಂದೆಯೇ ಬಂದ, ವಧುವಿನ ಸೋದರಮಾವ ಶಾಂತವೀರಪ್ಪನವರು ಮಾತ್ರ ಹೆದರುವ ಆಸಾಮಿಯಲ್ಲ.

“ಓಹೋ, ಮಕ್ಕಳನ್ನ ನಗಿಸೋಕೆ ಕರೆಸಿರೋ ಕರಡಿ ನೀವೇನಾ?”

“ಕರಡಿಯಲ್ಲ ಸಾರ್, ನರಿ. ನಾನು ಮೇಲಕ್ಕೆ ಹೋಗ್ಬೇಕು...”

“ಮೇಲಕ್ಕೆ ಆಮೇಲೆ ಹೋಗೋರಂತೆ! ಮೊದಲನೇ ಪಂಕ್ತಿ ಎಲೆ ಹಾಕಿದೆ. ಊಟ ಮಾಡದೆ ನಮ್ಮನೆ ಮದುವೆಯಿಂದ ಯಾರೂ ಹೋಗಿಲ್ಲ.”

ಶಾಂತವೀರಪ್ಪನವರ ಹಿಡಿತ ನಾಯಿ ಹಿಡಿಯುವವರ ಇಕ್ಕಳದಂತಿತ್ತು. ಏಪ್ರಿಲ್ ಸೆಕೆಯಲ್ಲಿ ಸ್ವೆಟರ್, ಮಂಕಿಕ್ಯಾಪು ತೊಟ್ಟು ಸೇತುರಾಮ ಎಲೆಯ ಮುಂದೆ ಕೂತ. ಬಾಲವನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡ. ಮಕ್ಕಳು ಕಿವಿ ಎಳೆದವು. ಬಡಿಸುವವನು ಮುಖ ನೋಡಿ ನೋಡಿ ನಕ್ಕು ಮೂರು ಸಲ ಹೋಳಿಗೆ ಹಾಕಿದ. ಮೂರನ್ನೂ ನುಂಗಿ, ಮಜ್ಜಿಗೆಗೆ ಕಾಯದೆ, ಪಂಕ್ತಿ ಮುಗಿಯುವ ಮೊದಲೇ ಎದ್ದ. ಹಿರಿಯರೊಬ್ಬರು “ಮರ್ಯಾದೆ ಇಲ್ಲದ ಕರಡಿ” ಅಂದರು. ಸೇತುರಾಮ ಕೇಳಿಸಿಕೊಳ್ಳಲಿಲ್ಲ, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ.

ಮೇಲೆ ಹನ್ನೊಂದು ಗೊಂಬೆ ಖರ್ಚಾಗಿದ್ದವು. ಉಳಿದದ್ದು ಒಂದು. ಅದರ ಮುಂದೆ ಕಾಲೇಜು ಹುಡುಗನೊಬ್ಬ ಕಾಗದದ ಕಿವಿ ಕಟ್ಟಿಕೊಂಡು ನಿಂತಿದ್ದ.

“ಬಾಲ ಎಲ್ಲಿ?” ಸೇತುರಾಮ ಗುಡುಗಿದ. ಆಫೀಸಿನಲ್ಲಿ ಯಾರೂ ಕೇಳಿರದ ದನಿ ಅದು. “ಬಾಲ ಇಲ್ಲದೆ ಕೂರೋ ಆಗ್ತಾನೇನ್ರೀ?”

ನ್ಯಾಯ ಗೊಂಬೆಗಳನ್ನು ತಂದಿದ್ದ ಜಪಾನಿ ಅತಿಥಿಯ ಬಳಿಗೆ ಹೋಯಿತು. ಆತ ಕಾಗದದ ಕಿವಿ ನೋಡಿದ, ಸೇತುರಾಮನನ್ನು ನೋಡಿದ, ಆಮೇಲೆ ಬಾಲವನ್ನು ಕೈಗೆತ್ತಿಕೊಂಡು ಸವರಿ, ಸೊಂಟ ಬಗ್ಗಿಸಿ ಮೂರು ಸಲ ವಂದಿಸಿದ. ಜಪಾನಿ ಭಾಷೆಯ ತರಗತಿ ನಡೆಸುತ್ತಿದ್ದ ಜಯಶೀಲಾ ಅನುವಾದಿಸಿದಳು:

“ಇಂಥ ಬಾಲ ಅವರ ದೇಶದಲ್ಲೂ ನೋಡಿಲ್ವಂತೆ. ಗೊಂಬೆಗೆ ದುಡ್ಡು ಬೇಡ್ವಂತೆ. ಬಾಲ ಕೊಟ್ರೆ ಅವರ ಸಂಘದಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ.”

“ಅಯ್ಯೋ ಮೇಡಂ, ಅದು ನನ್ನ ಹೆಂಡತೀದು!”

ಜಯಶೀಲಾ ಅದನ್ನೂ ಅನುವಾದಿಸಿದಳು. ಅತಿಥಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ನಿಮ್ಮ ಮನೆಯವರು ತಲೆಗೂದಲನ್ನೇ ಕತ್ತರಿಸಿ ಕೊಟ್ರಲ್ಲ, ಇಂಥ ತ್ಯಾಗ ಎಲ್ಲೂ ಕಂಡಿಲ್ಲ ಅಂತಿದ್ದಾರೆ ಸಾರ್. ಈಗ ಬೇಡ ಅಂದ್ರೆ ತುಂಬ ಬೇಜಾರು ಮಾಡ್ಕೋತಾರೆ.”

ಸೇತುರಾಮ ಗೊಂಬೆಯತ್ತ ನೋಡಿದ. ಗಾಜಿನ ಕಣ್ಣಿನ ಕೂರೋ, ತೋಳುದ್ದದ ಕಪ್ಪು ರೇಷ್ಮೆಯಂಥ ಬಾಲ ಹರಡಿಕೊಂಡು ಅವನನ್ನೇ ನೋಡುತ್ತಿತ್ತು. ಸುತ್ತ ಚಪ್ಪಾಳೆ. ಕೈ ತಾನಾಗಿ ಪಿನ್ನಿನ ಕಡೆಗೆ ಹೋಯಿತು.

ನಾಲ್ಕೂವರೆಗೆ ಮನೆ ಸೇರಿದಾಗ ಬೀರುವಿನ ಸೀರೆಗಳೆಲ್ಲ ನೆಲದ ಮೇಲಿದ್ದವು. ಪಂಕಜಾ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮೀನಾಕ್ಷಮ್ಮ.

“ಹೇಳಿ, ಯಾರ ಮುಡಿಗೆ ಕೊಟ್ಬಂದ್ರಿ ನನ್ನ ಚೌರಿನ?”

ಸೇತುರಾಮ ನಿಂತಲ್ಲೇ ಎಲ್ಲ ಹೇಳಿದ. ನರಿ, ಕರಡಿ, ಹೋಳಿಗೆ, ಜಪಾನು. ನಂಬಿಕೆ ಬರಲೆಂದು ಪೆಟ್ಟಿಗೆ ತೆರೆದು ಗೊಂಬೆಯನ್ನು ಮೇಜಿನ ಮೇಲಿಟ್ಟ. ಪಂಕಜಾ ಗೊಂಬೆಯನ್ನು ಹಿಂದುಮುಂದು ತಿರುಗಿಸಿದಳು. ಬಾಲವನ್ನು ಬೆರಳಲ್ಲಿ ಉಜ್ಜಿದಳು, ಜಗ್ಗಿದಳು, ತನ್ನ ಕೂದಲ ಪಕ್ಕ ಹಿಡಿದು ಬಣ್ಣ ನೋಡಿದಳು.

“ಮೀನಾಕ್ಷಮ್ಮನೋರೆ, ಆ ಕತ್ತರಿ ಕೊಡಿ ಸ್ವಲ್ಪ.”

“ಪಂಕಜಾ, ಬೇಡ ಕಣೇ!” ಸೇತುರಾಮ ಅಡ್ಡ ಬಂದ. “ಬೇಕಾದ್ರೆ ನನ್ನ ಕೂದಲು...”

“ನಿಮ್ಮ ತಲೇಲಿ ಏನಿದೆ ಅಂತ ಕತ್ತರಿಸಲಿ?” ಕತ್ತರಿ ಕಚಕ್ಕೆಂದಿತು.

ನಿಶ್ಚಿತಾರ್ಥದಲ್ಲಿ ಹೆಂಗಸರು ಹೆಣ್ಣನ್ನು ಬಿಟ್ಟು ಪಂಕಜಾಳ ಜಡೆ ಮುಟ್ಟಿ ನೋಡಿದರು. “ಎಷ್ಟು ನುಣುಪೇ! ಎಲ್ಲಿ ತಗೊಂಡೆ?” ಪಂಕಜಾ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, “ಜಪಾನಿಂದು. ನಮ್ಮನೆಯವರು ತಂದ್ಕೊಟ್ಟಿದ್ದು” ಎಂದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಗಂಡನ ಬಗ್ಗೆ ಇಷ್ಟು ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು. ಮನೆಯ ಮೇಜಿನ ಮೇಲೆ ಮೋಟಾಗಿ ಕೂತಿದ್ದ ಗೊಂಬೆಯನ್ನು ನೆನೆಯುತ್ತ ಸೇತುರಾಮ ಮೂಲೆಯ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ.

ಆಹ್ವಾನವಿಲ್ಲದಿದ್ದರೂ ಜೊತೆಗೆ ಬಂದಿದ್ದ ಮೀನಾಕ್ಷಮ್ಮ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತರು. ಸೆರಗಿನಿಂದ ತಲೆ ಸವರಿಕೊಂಡು, ಯಾರಿಗೂ ಕೇಳಿಸದಂತೆ ಕೇಳಿದರು:

“ಸೇತುರಾಮ, ಆ ಜಪಾನಿನೋರ ಹತ್ರ ಬಿಳೀ ನರಿ ಇದ್ಯೇನಪ್ಪಾ?”