ಗರಿಕೆನಾಡಿನ ಸೊಸೆಯರ ಪರೀಕ್ಷೆ

ಬಹಳ ಹಿಂದೆ, ಪರಂಗಿಯವರು ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿ ಹೋದ ಕಾಲದಲ್ಲಿ, ಗರಿಕೆನಾಡೆಂಬ ರಾಜ್ಯವೊಂದಿತ್ತು. ಅದನ್ನು ಶ್ರೀಮನ್ಮಹಾರಾಜ ಪ್ರಚಂಡಭೈರವರಾಯರು ಆಳುತ್ತಿದ್ದರು. ಪರಂಗಿಯವರು ಇದ್ದಷ್ಟು ದಿನ ಮಹಾರಾಜರಿಗೆ ಸಹಿ ಹಾಕುವುದೊಂದೇ ಕೆಲಸ. ಅವರು ಹೋದಮೇಲೆ ಆಳಬೇಕಾಗಿ ಬಂದು ಬಹಳ ತೊಂದರೆಯಾಯಿತು.

ಪರಂಗಿಯವರು ತೊಲಗಿದರೆ ಹಳ್ಳಕೊಳ್ಳಗಳಲ್ಲಿ ಹಾಲು ಹರಿಯುತ್ತದೆಂದು ಪ್ರಜೆಗಳಿಗೆ ಭರವಸೆ ಕೊಡಲಾಗಿತ್ತು. ವರ್ಷ ಕಳೆದರೂ ನೀರೇ ನೆಟ್ಟಗೆ ಹರಿಯಲಿಲ್ಲ. ಜನ ಅರಮನೆಯ ಮುಂದೆ ನೆರೆದು ಗದ್ದಲವೆಬ್ಬಿಸಿದಾಗ ಅಸ್ಮಿತಾ ಖಾತೆಯ ಮಂತ್ರಿ ಉದ್ದಂಡಯ್ಯ ಮಹಾರಾಜರ ಕಿವಿಯಲ್ಲಿ ಉಸುರಿದ:

"ಪ್ರಭು, ಹೊರಗಿನವರು ತಿಂದುಹಾಕಿದರು ಅಂತ ಹೇಳಿಬಿಡೋಣ."

"ಅವರು ಹೊರಟುಹೋದರಲ್ಲಯ್ಯಾ?"

"ಬೇರೆ ಹೊರಗಿನವರು, ಪ್ರಭು. ಹೊಳೆಯಾಚೆಯವರು."

"ಆಹಾ! ಇಂಥ ಬುದ್ಧಿ ನಿನಗೆಲ್ಲಿಂದ ಬಂತು?"

"ತಮ್ಮ ಪಾದಧೂಳಿಯಿಂದ."

ಮರುದಿನ ಅರಮನೆಯ ಡಂಗುರದವನಾದ ತಿರುಕಪ್ಪ ತಮಟೆ ಬಡಿಯುತ್ತಾ ಬೀದಿಬೀದಿಯಲ್ಲಿ ಸಾರಿದ: "ಕೇಳ್ರಪ್ಪೋ ಕೇಳಿ! ಹೊಳೆಯಾಚೆ ಹುಟ್ಟಿದವರೆಲ್ಲ ಅಮಾವಾಸ್ಯೆಯೊಳಗೆ ನಾಡು ಬಿಡತಕ್ಕದ್ದು! ನೆಲ ನೆಲದ ಮಕ್ಕಳಿಗೇ ಸೇರತಕ್ಕದ್ದು!"

ಜನ ಕುಣಿದು ಕುಪ್ಪಳಿಸಿದರು. ಬಳೆಗಾರ, ಕಲಾಯಿ ಹಾಕುವವನು, ಬತ್ತಾಸಿನ ಅಂಗಡಿಯ ಮುದುಕ ಎಲ್ಲರನ್ನೂ ಜೈಕಾರ ಹಾಕಿ ದೋಣಿ ಹತ್ತಿಸಿದರು. ಅವರ ಅಂಗಡಿಗಳು ಮಂತ್ರಿಗಳ ಅಣ್ಣತಮ್ಮಂದಿರಿಗೆ ಹಂಚಿಕೆಯಾದವು. ಇದಕ್ಕೆ 'ಸ್ಥಳೀಯ ಉದ್ಯಮ ಪ್ರೋತ್ಸಾಹ ಯೋಜನೆ' ಎಂದು ಹೆಸರು.

ಗಂಟಲು ಒಣಗಿಸಿಕೊಂಡ ತಿರುಕಪ್ಪ ಮಧ್ಯಾಹ್ನ ಉಣ್ಣಲು ಮನೆಗೆ ಬಂದರೆ, ಹೆಂಡತಿ ಪುಟ್ಟತಾಯಿ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

"ಇದೇನಮ್ಮೀ, ಎಲ್ಲಿಗೆ ಹೊಂಟೆ?"

"ನೀನೇ ಸಾರ್ಕೊಂಡು ಬಂದ್ಯಲ್ಲ, ಆಚೆದಡದೋರು ಹೋಗ್ಬೇಕು ಅಂತ. ನಾನೆಲ್ಲಿ ಹುಟ್ದೋಳು?"

ತಿರುಕಪ್ಪ ಗಂಟಿನ ಪಕ್ಕ ಕೂತ. ಗರಿಕೆನಾಡಿನವರೆಲ್ಲ ಒಂದೇ ಬಳಿಯವರು, ಅಂದರೆ ಒಂದೇ ಗೋತ್ರದವರಿದ್ದಂತೆ, ತಮ್ಮತಮ್ಮೊಳಗೆ ಅಣ್ಣತಂಗಿಯರ ಸಮಾನ. ಹಾಗಾಗಿ ತಲೆತಲಾಂತರದಿಂದ ಹೆಣ್ಣು ತರುವುದು ಹೊಳೆಯಾಚೆಯಿಂದ, ಹೆಣ್ಣು ಕೊಡುವುದೂ ಹೊಳೆಯಾಚೆಗೇ. ನಾಡಿನ ಅಷ್ಟೂ ಸೊಸೆಯರು, ಅವರ ಅತ್ತೆಯರು, ಎಲ್ಲ ಆಚೆ ಹುಟ್ಟಿದವರೇ. ಇದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರಿಗೂ ನೆನಪಿರಲಿಲ್ಲ.

"ನೀನು ಆಚೆಯೋಳು ಅನ್ನೋದೇ ಮರ್ತೋಗಿತ್ತು ಕಣಮ್ಮೀ."

"ನಂಗೂ ಮರ್ತೋಗಿತ್ತು. ನಿನ್ ತಮಟೆ ಕೇಳಿ ಗ್ಯಾಪ್ಕ ಬಂತು."

ತಿರುಕಪ್ಪ ಊಟ ಬಿಟ್ಟು ಆಸ್ಥಾನಕ್ಕೆ ಓಡಿದ. "ಬುದ್ದೀ, ನನ್ನ ಹೆಂಡ್ರೂ ಹೋಗ್ಬೇಕಾ?" ಎಂದು ಕೈಮುಗಿದು ಕೇಳಿದ. ಆಸ್ಥಾನಿಕರು ಒಬ್ಬೊಬ್ಬರಾಗಿ ತಂತಮ್ಮ ಅಡುಗೆಮನೆಗಳನ್ನು ನೆನೆದು ಬೆವೆತರು. ಅಷ್ಟರಲ್ಲಿ ಪರದೆಯ ಹಿಂದೆ ಮಹಾರಾಣಿಯವರು ಒಮ್ಮೆ ಕೆಮ್ಮಿದರು. ಮಹಾರಾಜರೂ ಬೆವೆತರು.

ಆಜ್ಞೆಯನ್ನು ಹಿಂದೆಗೆದರೆ ಪ್ರಭುಗಳ ಇಮೇಜಿಗೆ ಧಕ್ಕೆ ಎಂದು ಉದ್ದಂಡಯ್ಯ ಬಿನ್ನವಿಸಿದ. ಸಂಜೆಯೊಳಗೆ ಪತ್ರಿಕಾ ಪ್ರಕಟಣೆ ಹೊರಬಿತ್ತು: ಮಹಾರಾಣಿಯವರು ಜನಿಸಿದ ಗಳಿಗೆಯಲ್ಲಿ ಹೊಳೆಯು ಅವರ ತವರಿನ ಹಿಂದುಗಡೆ ಹರಿಯುತ್ತಿದ್ದುದರಿಂದ ಅವರು ಈಚೆಯವರೇ. ಉಳಿದ ಹೆಂಗಸರು ನಾಡಿತನದ ಪರೀಕ್ಷೆಯಲ್ಲಿ ಪಾಸಾದರೆ ಇರಬಹುದು.

ಪರೀಕ್ಷಕರಾಗಿ ಆಸ್ಥಾನ ಪಂಡಿತರನ್ನು ಕೂರಿಸಿದರು. ಪ್ರತಿಯೊಬ್ಬ ಪಂಡಿತನೂ ತನ್ನ ಹೆಂಡತಿಯನ್ನು ಪಾಸು ಮಾಡಿ, ಪಕ್ಕದವನ ಹೆಂಡತಿಯನ್ನು ಫೇಲು ಮಾಡಿದ. ಜುಟ್ಟು ಜುಟ್ಟು ಹಿಡಿದಾಡಿದ ಮೇಲೆ, ಈ ನಾಡಿನಲ್ಲಿ ಅಪ್ಪಟ ನಾಡಿಗರು ಯಾರೆಂದು ನಿಷ್ಪಕ್ಷಪಾತವಾಗಿ ಹೇಳಬಲ್ಲವನು ಹೊರಗಿನವನೇ ಆಗಿರಬೇಕೆಂದು ಮಂತ್ರಿಮಂಡಲ ಒಮ್ಮತದಿಂದ ತೀರ್ಮಾನಿಸಿತು.

ಹೀಗೆ, ಹಿಂದೆ ನಾಡನ್ನಾಳಿದ ಪರಂಗಿ ಟಮ್ಕಿನ್ ಸಾಹೇಬ ಹಿರಿಯ ಸಲಹೆಗಾರನಾಗಿ ವಾಪಸು ಬಂದ. ಹಳೆಯ ಬಂಗಲೆಗೆ ಸುಣ್ಣ ಹೊಡೆಸಿದರು. ಅವನನ್ನು ಓಡಿಸಲು ಬಾವುಟ ಹಿಡಿದಿದ್ದವರೇ ಹಾರ ಹಿಡಿದು ನಿಂತರು.

ಸಾಹೇಬನ ಪರೀಕ್ಷೆ ಸರಳವಾಗಿತ್ತು. ಒಂದು ಬಾಳೆಹಣ್ಣು ತೋರಿಸುವುದು. ಹೆಂಗಸು ಅದರ ಹೆಸರು ಹೇಳುವುದು. ತೊಡಕೆಂದರೆ, ಇಷ್ಟು ವರ್ಷ ಆಳಿದರೂ ಸಾಹೇಬನ ನಾಲಗೆ 'ಳ'ಕ್ಕೂ ಹೊರಳಿರಲಿಲ್ಲ, 'ಣ'ಕ್ಕೂ ಹೊರಳಿರಲಿಲ್ಲ. ಅವನ ಪ್ರಕಾರ ಸರಿಯುತ್ತರ 'ಬಾಲೆಹನ್ನು'.

ಮೊದಲು ಫೇಲಾದವಳು ಅಳುತ್ತಾ ಹೊರಬಂದು ಸಾಲಿನಲ್ಲಿದ್ದವರಿಗೆ ಗುಟ್ಟು ಹೇಳಿದಳು: "ಅವ್ನಂಗೇ ಅನ್ಬುಡಿ ಕಣ್ರವ್ವಾ, ಮುಗೀತದೆ." ಆಮೇಲೆ ಬಂದವರೆಲ್ಲ ಬಾಲೆಹನ್ನು, ಬಾಲೆಹನ್ನು ಎಂದು ಪಾಸಾಗುತ್ತಾ ಹೋದರು. ಫಲಿತಾಂಶ ಸಾರಲು ಪಕ್ಕದಲ್ಲೇ ನಿಂತಿದ್ದ ತಿರುಕಪ್ಪನಿಗೆ ಜೀವ ಬಂದಂತಾಯಿತು.

ಪುಟ್ಟತಾಯಿಯ ಸರದಿ ಬಂತು. ಗಂಡ ಕಣ್ಣಲ್ಲೇ ಅಂಗಲಾಚಿದ. ಅವಳು ಹಣ್ಣನ್ನು ನೋಡಿ, "ಬಾಳೆಹಣ್ಣು" ಎಂದಳು.

"ಹೊರಗಿನ ಉಚ್ಚಾರ," ಎಂದು ಸಾಹೇಬ ತಲೆಯಾಡಿಸಿದ.

"ಇನ್ನೊಂದು ಸಲ ಹೇಳಮ್ಮ, ಸ್ವಲ್ಪ ಮೆತ್ತಗೆ," ಎಂದ ಉದ್ದಂಡಯ್ಯ.

"ನಮ್ಮತ್ತೆ ಸಾಯೋ ಮುಂಚೆ ಆಸೆಪಟ್ಟು ಕೇಳಿದ್ದು ಬಾಳೆಹಣ್ಣು ಸ್ವಾಮಿ. ನಾನು ಸುಲಿದು ಬಾಯಿಗಿಟ್ಟಿದ್ದೂ ಬಾಳೆಹಣ್ಣೇ. ಈಗ ಅದನ್ನ ಬೇರೆ ಏನೋ ಅನ್ನಕ್ಕೆ ನಂಗಾಗಕ್ಕಿಲ್ಲ."

ಸಾಹೇಬ ಕೈಯಾಡಿಸಿದ. ತಿರುಕಪ್ಪ ತಮಟೆ ಬಡಿದು, "ಪುಟ್ಟತಾಯಿ, ತಿರುಕಪ್ಪನ ಹೆಂಡ್ತಿ, ಫೇಲು" ಎಂದು ಸಾರಿದ. ನಾಡಿನ ಮೂಲೆಮೂಲೆಗೆ ಕೇಳಿಸುತ್ತಿದ್ದ ಅವನ ದನಿ ಅಂದು ಮುಂದಿನ ಸಾಲಿಗೂ ಕೇಳಲಿಲ್ಲ. ಆಮೇಲೆ ಅವನು ತಮಟೆಯನ್ನು ಸಾಹೇಬನ ಮೇಜಿನ ಮೇಲಿಟ್ಟು, ಹೆಂಡತಿಯ ಗಂಟನ್ನು ಹೆಗಲಿಗೇರಿಸಿದ.

"ನಡಿಯಮ್ಮೀ."

"ನೀನೆಲ್ಲಿಗೆ? ನೀನು ಈ ನೆಲದೋನು."

"ನೆಲ ಅನ್ನ ಬಡಿಸ್ತದಾ? ಕಾಯಿಲೆ ಬಿದ್ರೆ ಹಣೆ ಮುಟ್ಟಿ ನೋಡ್ತದಾ? ನಡಿ, ದೋಣಿ ಹೊಂಟೋಯ್ತದೆ."

ಪುಟ್ಟತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಇಬ್ಬರೂ ಹೊಳೆಯ ಕಡೆ ನಡೆದರು. ಯಾರೂ ತಡೆಯಲಿಲ್ಲ.

ಮುಂದಿನ ಹುಣ್ಣಿಮೆಗೆ ನಾಡಹಬ್ಬ ಏರ್ಪಾಟಾಯಿತು. ಮಹಾರಾಜರಿಗೆ 'ನೆಲದ ಕಲಿ' ಎಂಬ ಬಿರುದನ್ನಿತ್ತು, ಟಮ್ಕಿನ್ ಸಾಹೇಬ ತನ್ನ ಊರಿನಿಂದಲೇ ತರಿಸಿದ ಹೊಸ ಕಿರೀಟವನ್ನು ಸ್ವಹಸ್ತದಿಂದ ತೊಡಿಸಿದ. ಶಾಲೆಗಳಲ್ಲಿ ಅಚ್ಚ ನಾಡನುಡಿಯನ್ನು ಸಾಹೇಬನ ಉಚ್ಚಾರದಲ್ಲೇ ಕಲಿಸತಕ್ಕದ್ದೆಂದು ಆಜ್ಞೆಯಾಯಿತು. ಸಾಹೇಬನ ಸಂಬಳಕ್ಕೆಂದು ಒಲೆಗಿಷ್ಟರಂತೆ 'ಅಸ್ಮಿತಾ ಸೆಸ್' ಬಿತ್ತು. ಸಾರಲು ಡಂಗುರದವನಿಲ್ಲದ್ದರಿಂದ, ಅಧಿಕಾರಿಗಳು ಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆ ಎತ್ತಿಕೊಂಡಾಗಲೇ ಜನಕ್ಕೆ ವಿಷಯ ತಿಳಿದದ್ದು.

ಕೆಲವರು ಗೊಣಗಲು ಬಾಯಿ ತೆರೆದರು. ಉಚ್ಚಾರ ತಪ್ಪೀತೆಂದು ಹೆದರಿ ಮುಚ್ಚಿಕೊಂಡರು.