ನೆಟ್ಟಗಾದ ಕಣಜ

ಅನ್ಯಾಯವೆಂದರೆ ಇದು: ಅಗ್ಗಿಷ್ಟಿಕೆಯ ಮೇಲಿನ ಗೋಡೆಯನ್ನು ಟಿವಿ ಕಬಳಿಸಿತ್ತು. ಸುಮ್ಮನಿದ್ದಾಗ ಚೌಕಟ್ಟು ಹಾಕಿದ ಚಿತ್ರದಂತೆ ಕಾಣುವ, ಯಾರಾದರೂ ಒಳಬಂದರೆ ತಾನೇ ಹೊತ್ತಿಕೊಳ್ಳುವ ಟಿವಿ. ಮೆಲ್ವಿನ್‌ನ ಹೆಂಡತಿ ಡೋರೀನ್ ಮೆಚ್ಚಿ ತಂದದ್ದು. ಹನ್ನೊಂದು ವರ್ಷ ಅಲ್ಲಿದ್ದ ನಿಜವಾದ ಚಿತ್ರ ಈಗ ಗ್ಯಾರೇಜಿನಲ್ಲಿ, ಹಿಮ ಎತ್ತುವ ಸಲಿಕೆಯ ಪಕ್ಕದಲ್ಲಿತ್ತು.

ಊರಿನ ಹಳೆಯ ಗೋಧಿ ಕಣಜದ ಆ ಚಿತ್ರ ಬರೆದವನು ಮೆಲ್ವಿನ್‌ನ ಗೆಳೆಯ ಓರೆಸ್ಟ್. ಮಾರ್ಚ್‌ನಲ್ಲಿ ತೀರಿಕೊಂಡ. ಕಾಫಿ ಅಂಗಡಿಯಲ್ಲಿ ಮೆಲ್ವಿನ್ ಇಂದಿಗೂ ಎದುರಿನ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟು ಕೂರುತ್ತಾನೆ, ಬೇರೆಯವರು ಕೂರದಿರಲಿ ಎಂದು.

ಭಾನುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಓರೆಸ್ಟ್‌ನ ಹೆಂಡತಿ ಒಲೇನಾ ಬರುವವಳಿದ್ದಳು. ಗಂಡ ಹೋದ ಮೇಲೆ ಇದೇ ಮೊದಲು. ಬಂದವಳು ಆ ಗೋಡೆ ನೋಡಿದರೆ?

"ಬಚ್ಚಲಿಗೆ ಹೋಗೋ ದಾರೀಲಿ ನೇತುಹಾಕು," ಎಂದಳು ಡೋರೀನ್.

"ಓರೆಸ್ಟ್‌ನನ್ನ ಬಚ್ಚಲಿಗೆ ಕಾವಲು ಹಾಕ್ಲಾ?"

"ಹಾಗಾದ್ರೆ ಫೋಟೋ ತೆಗೆದು ಟಿವಿಗೇ ಹಾಕು ಮಾರಾಯ. ಅದಿರೋದೇ ಅದಕ್ಕೆ!"

ಹಾಕಿದ. ಚಿತ್ರ ಉದ್ದ, ಟಿವಿ ಅಗಲ. ಪರದೆ ತುಂಬಿಸಿದರೆ ಕಣಜದ ತಲೆಯೂ ಇಲ್ಲ, ಪಾದವೂ ಇಲ್ಲ, ಬರೀ ನಡುವಿನ ಹಲಗೆಗಳು.

"ಬೇಲಿ ಚೆನ್ನಾಗಿದೆ," ಎಂದಳು ಡೋರೀನ್.

ಪೂರ್ತಿ ತೋರಿಸಿದರೆ ಎರಡೂ ಪಕ್ಕ ಕಪ್ಪು.

"ಬಾಗಿಲ ಸಂದೀಲಿ ಇಣುಕಿದ ಹಾಗಿದೆ."

ಮೆಲ್ವಿನ್ ಕಂಪ್ಯೂಟರಿನ ಮುಂದೆ ಜೀರ್ಣೋದ್ಧಾರಕ್ಕೆ ಕೂತ. ನಾಲ್ಕು ದಿನ. ಎರಡೂ ಬದಿಗೆ ಗೋಧಿ ಹೊಲ ಬೆಳೆಸಿದ (ಅಷ್ಟು ಇಳುವರಿ ಆ ಸೀಮೆ ಕಂಡೇ ಇರಲಿಲ್ಲ). ಹಸಿರು ಮಿಶ್ರಿತ ಆಕಾಶವನ್ನು ತೊಳೆದು ನೀಲಿ ಮಾಡಿದ. ಗಾಜಿನಲ್ಲಿ ಬಿದ್ದಿದ್ದ ನೆರಳನ್ನು ಅಳಿಸಿದ. ಎಡಕ್ಕೆ ವಾಲಿದ್ದ ಕಣಜವನ್ನು ನೆಟ್ಟಗೆ ನಿಲ್ಲಿಸಿದ. ಗೆಳೆಯನಿಗೆ ಇದಕ್ಕಿಂತ ದೊಡ್ಡ ಸೇವೆ ಉಂಟೆ?

ಒಲೇನಾ ಪೆರೋಗಿ ಕಡುಬಿನ ಪಾತ್ರೆ ಹಿಡಿದು ಬಂದಳು. ಕೂತು ಗೋಡೆ ನೋಡಿದಳು.

"ಚೆನ್ನಾಗಿದೆ. ಯಾರು ಬರೆದಿದ್ದು?"

ಮೆಲ್ವಿನ್ ಕಡುಬಿನ ಪಾತ್ರೆಯನ್ನು ಮೇಜಿನ ಮೇಲಿಟ್ಟ. "ಓರೆಸ್ಟ್..."

"ಸುಮ್ನಿರು! ಅವನು ಹುಟ್ಟಿದಾಗಿಂದ ಒಂದು ಗೋಡೇನೂ ನೆಟ್ಟಗೆ ಬರೆದಿಲ್ಲ. ಟ್ರಕ್ ಹಳ್ಳದ ಅಂಚಲ್ಲಿ ನಿಲ್ಲಿಸಿ ಒಳಗೇ ಕೂತು ಬರೀತಿದ್ದ. ಲೋಕವೆಲ್ಲ ಎಡಕ್ಕೆ ವಾಲ್ತಿತ್ತು. ಇಷ್ಟೊಂದು ತೆನೆ ಬೇರೆ! ಹತ್ತು ಬರೆಯೋಷ್ಟರಲ್ಲಿ ಬೇಜಾರಾಗಿ ನಿನ್ನ ಜೊತೆ ಕಾಫಿಗೆ ಓಡ್ತಿದ್ದ."

ಡೋರೀನ್ ರಿಮೋಟ್ ಎತ್ತಿ ಮೊದಲ ಫೋಟೋಗೆ ಹೋದಳು.

"ಅದು ಬೇಡ ಕಣೇ!" ಮೆಲ್ವಿನ್ ಎದ್ದು ಅಡ್ಡ ನಿಂತ. ತಡವಾಗಿತ್ತು. ಹಸಿರು ಆಕಾಶ, ವಾಲಿದ ಕಣಜ. ಅದರ ನಟ್ಟನಡುವೆ, ಚಿತ್ರದ ಗಾಜಿನಲ್ಲಿ ಬಿದ್ದ ಅವನದೇ ಪ್ರತಿಬಿಂಬ: ತೂತು ಬನಿಯನ್ನು, ಎತ್ತಿ ಹಿಡಿದ ಫೋನು, ಏಕಾಗ್ರತೆಗೆ ಹೊರಚಾಚಿದ ನಾಲಿಗೆ.

ಒಲೇನಾ ಹತ್ತಿರ ಹೋಗಿ ನೋಡಿದಳು. ಹೆಗಲು ಕುಲುಕಿದವು. ಅಳುತ್ತಿದ್ದಾಳೆಂದು ಡೋರೀನ್ ಕರವಸ್ತ್ರ ತಂದರೆ, ಅವಳು ನಗುತ್ತಿದ್ದಳು. ಆಮೇಲೆ ಕರವಸ್ತ್ರವೂ ಬೇಕಾಯಿತು.

"ಇದು ಅವನದೇ. 'ನಾನು ಬರೆಯೋಕೆ ಕೂತ್ರೆ ಸಾಕು, ಆ ಮೆಲ್ವಿನ್ ಬಂದು ಅಡ್ಡ ನಿಲ್ತಾನೆ' ಅಂತ ಬೈತಾನೇ ಇದ್ದ. ಇದನ್ನ ತೆಗೀಬೇಡ, ನನ್ನಾಣೆ!"

ಈಗ ಅವಳು ಪ್ರತಿ ಭಾನುವಾರ ಬರುತ್ತಾಳೆ. ತೆಗೆಯುವ ಮಾತೇ ಇಲ್ಲ. ಪಾದ್ರಿಗಳೇ ಬರಲಿ, ಪಕ್ಕದ ಮನೆಯವರೇ ಬರಲಿ, ಕಾಲು ಒಳಗಿಟ್ಟರೆ ಸಾಕು, ಆ ಜಾಣ ಟಿವಿ ತಾನಾಗಿ ಎಚ್ಚೆತ್ತು ಮೆಲ್ವಿನ್‌ನ ಬನಿಯನ್ನನ್ನು ಬೆಳಗಿಸುತ್ತದೆ.